ಬಳೆ ತೊಟ್ಟ ಕಲ್ಲು

ಎವರ್‌ಗ್ರೀನ್, ಸ್ಯಾನ್ ಹೋಸೆ
ಅಕ್ಟೋಬರ್ ೮, ೨೦೨೩

ಚಿ. ದೀಪ್ತಿಗೆ,

ನಿನ್ನ ಹೆಸರಿನ ಹಿಂದೆ ಒಂದು ಅಕ್ಷರ ಹೊಡೆದುಹಾಕಿದ್ದು ಕಾಣುತ್ತದಲ್ಲ, ಅದು ‘ಸೌ.’ ಹತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬರೆಯಿತು. ಅಷ್ಟಕ್ಕೆಲ್ಲ ಒಂದು ಹಾಳೆ ಹಾಳು ಮಾಡುವುದು ಬೇಡವೆಂದು ಇದರಲ್ಲೇ ಮುಂದುವರಿಸುತ್ತಿದ್ದೇನೆ.

“ಇನ್ನು ಏನಿದ್ದರೂ ಬರೆದು ತಿಳಿಸಿ, ಫೋನಿನಲ್ಲಿ ಬೇಡ” ಎಂದವಳು ನೀನು. ಅಮಿತನ ಆರನೇ ತಿಂಗಳ ಮಾಸಿಕದ ದಿನ, ಎಲೆಯ ಮುಂದೆ ಕೂತವರೆಲ್ಲ ಕೇಳುವ ಹಾಗೆ ಅಂದೆ. ಕ್ಯಾಂಪ್‌ಬೆಲ್‌ಗೂ ಇಲ್ಲಿಗೂ ಇಪ್ಪತ್ತು ನಿಮಿಷದ ದಾರಿ. ಮಧ್ಯೆ ಸ್ಟಾಂಪು ಹಚ್ಚಿದ ಕಾಗದ ಓಡಾಡಬೇಕು. ಆಗಲಿ. ಉಡುಪಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳಿಗೆ ಬರೆಯುವುದು ಕಷ್ಟದ ಕೆಲಸ ಅಲ್ಲ.

ವಿಷಯ ಇಷ್ಟೆ. ಅಮಿತನ ಹೆಸರಿನಲ್ಲಿ ಹಿತ್ತಿಲಿನಲ್ಲಿ ಒಂದು ಕಲ್ಲು ನಿಲ್ಲಿಸುತ್ತೇನೆ. ಅವನೇ ನೆಟ್ಟ ನಿಂಬೆ ಗಿಡದ ಪಕ್ಕ. ಅವನ ಬೂದಿಯನ್ನು ಸಮುದ್ರಕ್ಕೆ ಬಿಟ್ಟೆವು, ನನಗೆ ಕೈಮುಗಿಯಲು ಒಂದು ಜಾಗ ಬೇಡವೆ? ಕಾರ್ಕಳದ ಶಿಲ್ಪಿ ಕುಬೇರಪ್ಪನವರ ಹತ್ತಿರ ಮಾತಾಡಿದ್ದೇನೆ. ಕೆತ್ತಿ ಮಂಗಳೂರಿನಿಂದ ಹಡಗಿಗೆ ಹಾಕುತ್ತಾರೆ. ಹಳೆಯ ವೀರಗಲ್ಲಿನ ಹಾಗೆ ಇರಬೇಕು, ಕೆಳಗೆ ಶಾಸನ ಇರಬೇಕು. ಅದನ್ನು ಬರೆಯಬೇಕಾದವಳು ನೀನು. ಎಂಟು ವರ್ಷ ಕಲ್ಲುಗಳ ಮೇಲೆ ಡಾಕ್ಟರೇಟ್ ಮಾಡುತ್ತೇನೆಂದು ಮನೆಯಲ್ಲಿ ಒಲೆ ಹಚ್ಚದೆ ಓಡಾಡಿದೆಯಲ್ಲ, ಆ ಕಲ್ಲುಗಳಲ್ಲಿ ಹೆಂಗಸರ ಬಗ್ಗೆ ಏನು ಉಂಟು ಎಂದು ನಾನು ಕೇಳಲೇ ಇಲ್ಲ. ಈಗ ಕೇಳುತ್ತಿದ್ದೇನೆ. ಆ ಕಾಲದ ಹೆಂಗಸರು ಗಂಡ ಹೋದಮೇಲೆ ಏನು ಮಾಡುತ್ತಿದ್ದರು?

ಫ್ಯೂನರಲ್ ಹೋಮಿನಲ್ಲಿ ನಾನು ಬಳೆ ತೆಗೆ ಎಂದಾಗ ನೀನು ಪ್ಲಾಸ್ಟರ್ ಹಾಕಿದ ಬಲಗೈ ತೋರಿಸಿದೆ. “ಈ ಕೈಯಲ್ಲಿ ಇಲ್ಲ ಅತ್ತೆ, ಆ ಕೈಯವನ್ನು ತೆಗೆಯುವುದಿಲ್ಲ” ಅಂದೆ. ಅದನ್ನು ನಾನು ಮರೆತಿಲ್ಲ. ಮೊಮ್ಮಗಳು ಆರತಿಯನ್ನು ಶನಿವಾರ ಎಂದಿನಂತೆ ಬಿಟ್ಟು ಹೋಗು.

ನಿನ್ನ ಅತ್ತೆ,
ಪ್ರಫುಲ್ಲಾ


ಕ್ಯಾಂಪ್‌ಬೆಲ್
ಅಕ್ಟೋಬರ್ ೨೧, ೨೦೨೩

ಅತ್ತೆಯವರಿಗೆ ನಮಸ್ಕಾರ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮೊಣಕೈಯಲ್ಲಿ ಮಡಚಿಕೊಂಡೇ ನಿಂತಿದೆ. ಪ್ಲೇಟು, ಆರು ಸ್ಕ್ರೂ. ಇದಕ್ಕಿಂತ ನೆಟ್ಟಗಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಶಾಸನ ಬರೆದುಕೊಡುತ್ತೇನೆ.

ನೀವು ಕೇಳಿದ್ದಕ್ಕೆ ಉತ್ತರ. ಸಾವಿರ ವರ್ಷದ ಹಿಂದಿನ ಕಲ್ಲುಗಳಲ್ಲಿ ಹೆಂಗಸರು ಬೇಕಾದಷ್ಟು ಇದ್ದಾರೆ. ಕೆರೆ ಕಟ್ಟಿಸಿದವರು, ಗಂಡ ಸತ್ತ ಮೇಲೆ ಊರಿನ ಗೌಡಿಕೆ ನಡೆಸಿದವರು, ದೇವಸ್ಥಾನದಲ್ಲಿ ಕುಣಿದು ಗಳಿಸಿದ್ದರಲ್ಲೇ ನಂದಾದೀಪಕ್ಕೆ ಭೂಮಿ ಬಿಟ್ಟವರು. ಅವರ ಹೆಸರುಗಳಿವೆ, ಕೆಲವರ ತಾಯಂದಿರ ಹೆಸರೂ ಇದೆ. ಗಂಡನ ಜೊತೆ ಬೆಂಕಿಗೆ ಹೋದವರೂ ಇದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಹೆಸರಿಲ್ಲ. ಒಂದು ಕಂಬ, ಅದರಿಂದ ಹೊರಟ ಒಂದು ಬಲಗೈ. ಮೊಣಕೈಯಲ್ಲಿ ಮಡಚಿ ಮೇಲೆತ್ತಿದ್ದು, ಕೈತುಂಬ ಬಳೆ, ಹೆಬ್ಬೆರಳ ಸಂದಿಯಲ್ಲಿ ಒಂದು ನಿಂಬೆಹಣ್ಣು. ಬಳೆ ಯಾಕೆಂದರೆ ಆಕೆ ವಿಧವೆಯಾಗಲೇ ಇಲ್ಲ. ಮಾಸ್ತಿಕಲ್ಲು ಎನ್ನುತ್ತಾರೆ. ಅಂಥ ಇನ್ನೂರ ಹನ್ನೊಂದು ತೋಳುಗಳನ್ನು ನಾನು ಅಳತೆ ಮಾಡಿದ್ದೇನೆ. ಒಲೆ ಹಚ್ಚದೆ ಮಾಡಿದ ಕೆಲಸ ಅದು.

ನನ್ನದು ಒಂದೇ ಕೇಳಿಕೆ. ಅವತ್ತು ಕಾರು ಓಡಿಸುತ್ತಿದ್ದವಳು ನಾನು ಎಂದು ಆರತಿಗೆ ಗೊತ್ತಿಲ್ಲ. ಅವಳಿಗೆ ಎಂಟು ವರ್ಷ. ಹೇಳುವ ಕಾಲ ಬಂದಾಗ ನಾನೇ ಹೇಳುತ್ತೇನೆ. ನೀವು ಹೇಳಬೇಡಿ. ನಾನೂ ಅವಳಿಗೆ ಎಲ್ಲವನ್ನೂ ಹೇಳಿಲ್ಲ, ಬೇರೆ ಯಾರಿಗೂ ಹೇಳಿಲ್ಲ.

ಮಾವನವರಿಗೆ ನಮಸ್ಕಾರ ತಿಳಿಸಿ.

ದೀಪ್ತಿ


ಎವರ್‌ಗ್ರೀನ್
ಡಿಸೆಂಬರ್ ೩, ೨೦೨೩

ಚಿ. ದೀಪ್ತಿಗೆ,

ಇವತ್ತು ಕೈ ತಪ್ಪಲಿಲ್ಲ, ನೋಡು.

ನಿನ್ನ ಥೀಸಿಸ್ಸು ಅಮಿತನ ಕಪಾಟಿನಲ್ಲಿ ಸಿಕ್ಕಿತು. ಒಂದು ಸಲವೂ ತೆರೆಯದ ಹಾಗೆ ಇತ್ತು, ಪಾಪ, ಅವನಿಗೆ ಎಲ್ಲಿ ಪುರುಸೊತ್ತು. ನಾನು ಮೂರು ದಿನ ಕೂತು ಚಿತ್ರ ಎಲ್ಲ ನೋಡಿದೆ. ಒಂದು ಕಲ್ಲು ಬಹಳ ಚೆಂದ ಕಂಡಿತು. ಅದರ ಫೋಟೋ ತೆಗೆದು ಕುಬೇರಪ್ಪನವರಿಗೆ ವಾಟ್ಸಾಪ್ ಮಾಡಿದ್ದೇನೆ. ಯಾವುದೆಂದು ಹೇಳುವುದಿಲ್ಲ. ವರ್ಷಾಂತಿಕಕ್ಕೆ ಬಂದಾಗ ನೋಡುವಿಯಂತೆ. ಅಕ್ಷರ ಈಗಿನದು ಬೇಡ, ಆ ಕಾಲದ ದುಂಡು ಲಿಪಿಯಲ್ಲೇ ಇರಲಿ. ಗಾಂಭೀರ್ಯ ಬರುತ್ತದೆ. ನೀನು ಬರೆದದ್ದನ್ನು ಅವರು ಅಚ್ಚು ತೆಗೆದ ಹಾಗೆ ಕಲ್ಲಿಗೆ ಇಳಿಸುತ್ತಾರೆ.

ಇನ್ನೊಂದು ವಿಷಯ. ಕಳೆದ ಶನಿವಾರ ನೀರುದೋಸೆ ಎರೆಯುತ್ತಿದ್ದೆ. ಆರತಿ ಸ್ಟೂಲಿನ ಮೇಲೆ ಕೂತು ಕೇಳಿದಳು.

“ಅಜ್ಜೀ, ಅಪ್ಪ ಡ್ರೈವ್ ಮಾಡ್ವಾಗ ಸ್ಲೀಪಿ ಇದ್ನಾ?”

“ಅಪ್ಪ ಎಲ್ಲಿ ಡ್ರೈವ್ ಮಾಡಿದ ಮಾರಾಯ್ತಿ? ನಿನ್ನ ಅಮ್ಮ ಅಲ್ಲವಾ ಮಾಡಿದ್ದು!”

ಅವಳು “ಓ” ಅಂದಳು. ಆಮೇಲೆ “ಓಕೆ” ಅಂದಳು. ಮತ್ತೆ ಎರಡು ದೋಸೆ ತಿಂದಳು. ನೀನು ಹೆದರಿದ ಹಾಗೆ ಆಕಾಶ ಕಳಚಿ ಬೀಳಲಿಲ್ಲ. ಮಕ್ಕಳಿಗೆ ಸತ್ಯ ತಡೆದುಕೊಳ್ಳುವ ಶಕ್ತಿ ಉಂಟು. ಅದು ಇಲ್ಲದ್ದು ದೊಡ್ಡವರಿಗೆ.

ಯೂನಿಯನ್ ಸಿಟಿಯ ಪ್ರಭಾ ಸಿಕ್ಕಿದ್ದರು. ನಿನ್ನನ್ನು ವಿಚಾರಿಸಿದರು. “ಅರಿಶಿನ ಕುಂಕುಮಕ್ಕೆ ಕರೆಯುವ ಹಾಗಿಲ್ಲವಲ್ಲ, ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಿ” ಅಂದರು. ಹೇಳಿದ್ದೇನೆ.

ನನ್ನ ಎದೆನೋವು ಹಾಗೇ ಉಂಟು. ಅದನ್ನು ಕೇಳುವವನು ಹೋದ.

ನಿನ್ನ ಅತ್ತೆ,
ಪ್ರಫುಲ್ಲಾ


ಕ್ಯಾಂಪ್‌ಬೆಲ್
ಡಿಸೆಂಬರ್ ೧೭, ೨೦೨೩

ಅತ್ತೆಯವರಿಗೆ ನಮಸ್ಕಾರ.

ಶಾಸನದ ಹಾಳೆ ಇದರ ಜೊತೆಗಿದೆ. ಒಂಬತ್ತು ಸಾಲು. ಹನ್ನೊಂದನೇ ಶತಮಾನದ ಲಿಪಿ. ಒತ್ತಕ್ಷರಗಳು ಜರುಗಿದರೆ ಅರ್ಥ ಕೆಡುತ್ತದೆ, ಶಿಲ್ಪಿಗೆ ಇದ್ದ ಹಾಗೆಯೇ ಇಳಿಸಲು ಹೇಳಿ.

ಇದನ್ನು ಈಗಿನ ಅಕ್ಷರದಲ್ಲಿ ಬರೆದುಕೊಡಬೇಕಿದ್ದರೆ ತಿಳಿಸಿ, ಅದೇ ದಿನ ಕಳಿಸುತ್ತೇನೆ. ನನ್ನನ್ನು ಕೇಳುವುದು ಬೇಡವೆನಿಸಿದರೆ ಬೇರೆ ಯಾರಿಂದಲಾದರೂ ಓದಿಸಿ. ಆದರೆ ಕೆತ್ತುವ ಮೊದಲು ಓದಿಸಿ. ಕಲ್ಲಿನಲ್ಲಿ ತಿದ್ದುಪಡಿ ಇರುವುದಿಲ್ಲ.

ಆರತಿ ನನ್ನನ್ನು ಏನೂ ಕೇಳಿಲ್ಲ. ಈಗ ಕಾರು ಹತ್ತಿದ ಮೇಲೆ ಸೀಟ್‌ಬೆಲ್ಟನ್ನು ಎರಡು ಸಲ ಎಳೆದು ನೋಡುತ್ತಾಳೆ. ಫ್ರೀವೇಗೆ ಸೇರುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ದೋಸೆ ತಿಂದಳೆಂದು ಬರೆದಿದ್ದೀರಿ, ಇದನ್ನೂ ತಿಳಿದಿರಲಿ ಎಂದು ಬರೆದೆ.

ದೀಪ್ತಿ


ಎವರ್‌ಗ್ರೀನ್
ಮಾರ್ಚ್ ೨೪, ೨೦೨೪

ಚಿ. ದೀಪ್ತಿಗೆ,

ಕಲ್ಲು ಬಂತು. ಓಕ್ಲೆಂಡಿನ ಬಂದರಿನಲ್ಲಿ ಎಂಟು ದಿನ ಇಟ್ಟುಕೊಂಡಿದ್ದರು, ಏನು ವಸ್ತು ಎಂದು ಅವರಿಗೆ ತಿಳಿಯಲಿಲ್ಲವಂತೆ. ಗಾರ್ಡನ್ ಆರ್ನಮೆಂಟ್ ಎಂದು ಬರೆಸಿ ಬಿಡಿಸಿಕೊಂಡೆವು. ಬೇಲಿಯ ಎರಡು ಹಲಗೆ ಕಿತ್ತು ಒಳಗೆ ತರಬೇಕಾಯಿತು. ಐದಡಿ ಎತ್ತರ, ಕರಿಕಲ್ಲು. ಬೀದಿಯ ಜನ ಎಲ್ಲ ಬಂದು ನೋಡಿ ಹೋದರು. ನಿನ್ನ ಮಾವ ಮಾತ್ರ ಕಿಟಕಿಯಿಂದ ಒಮ್ಮೆ ನೋಡಿದವರು ಹಿತ್ತಿಲಿಗೆ ಇಳಿದೇ ಇಲ್ಲ. ಅವರ ಸ್ವಭಾವ ನಿನಗೆ ಗೊತ್ತುಂಟಲ್ಲ.

ಈಗಿನ ಅಕ್ಷರದಲ್ಲಿ ಬೇಕೇ ಎಂದು ನೀನು ಡಿಸೆಂಬರಿನಲ್ಲಿ ಕೇಳಿದ್ದೆ. ಉತ್ತರ ಬರೆಯಲಿಲ್ಲ, ಯಾಕೆಂದರೆ ನನಗೆ ಸಿಟ್ಟು ಬಂದಿತ್ತು. ನೀನು ಹುಟ್ಟುವ ಮೊದಲೇ ನಾನು ಹತ್ತನೆಯ ತರಗತಿಗೆ ಹಳಗನ್ನಡ ಪಾಠ ಮಾಡುತ್ತಿದ್ದೆ. ನನಗೆ ಓದಿ ಹೇಳಲು ನೀನು ಬೇಕಾಗಿಲ್ಲ, ಬೇರೆಯವರಿಂದ ಓದಿಸಿಕೊಳ್ಳುವ ಗತಿಯೂ ಬಂದಿಲ್ಲ. ಅಮಿತನ ಹೆಸರು ನೋಡಿದ ಕೂಡಲೇ ಗೊತ್ತಾಯಿತು. ನಡುವಿನ ಸಾಲಿನಲ್ಲಿ ದಪ್ಪಗೆ, ಸ್ವಲ್ಪ ಮೇಲೆದ್ದ ಹಾಗೆ ಬಂದಿದೆ. ದಿನಾ ಬೆಳಿಗ್ಗೆ ಅದಕ್ಕೆ ಗಂಧ ಹಚ್ಚಿ ಹೂವಿಡುತ್ತೇನೆ. ಬೆರಳಲ್ಲಿ ಸವರಿದರೆ ಅವನ ಹಣೆ ಮುಟ್ಟಿದ ಹಾಗೆ ಆಗುತ್ತದೆ.

ಏಪ್ರಿಲ್ ೨೦, ಶನಿವಾರ ತಿಥಿ. ಅವತ್ತು ಎಲ್ಲರ ಎದುರು ಕಲ್ಲಿನ ಪೂಜೆ. ನೀನೂ ಬರಬೇಕು. ಬಿಳಿ ಉಡು ಎಂದು ನಾನು ಹೇಳುವುದಿಲ್ಲ. ಬಳೆಯ ಮಾತೂ ಎತ್ತುವುದಿಲ್ಲ. ಅದಕ್ಕೆ ವ್ಯವಸ್ಥೆ ಆಗಿದೆ.

ನಿನ್ನ ಅತ್ತೆ,
ಪ್ರಫುಲ್ಲಾ


ಕ್ಯಾಂಪ್‌ಬೆಲ್
ಏಪ್ರಿಲ್ ೨೨, ೨೦೨೪

ಅತ್ತೆಯವರಿಗೆ,

ಶನಿವಾರ ಪರದೆ ಸರಿಸಿದಾಗ ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ. ನಲವತ್ತು ಜನ ಇದ್ದರು, ಆರತಿ ಇದ್ದಳು.

ಕುದುರೆಯ ಮೇಲೆ ಕೂತ ವೀರ ಅಮಿತ ಎಂದು ತಿಳಿಯಿತು. ಅವನ ಪಕ್ಕದ ಕಂಬವೂ, ಕಂಬದಿಂದ ಹೊರಟ ತೋಳೂ ಯಾವುದೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಥೀಸಿಸ್ಸಿನ ನೂರ ನಲವತ್ತಮೂರನೇ ಪುಟ. ಅದರ ಅರ್ಥ ನಿಮಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ನಾನೇ ಬರೆದು ತಿಳಿಸಿದ್ದೆ.

ನನ್ನ ಪುಸ್ತಕದ ಕಲ್ಲಿನಲ್ಲಿ ಮೊಣಕೈ ಲಂಬವಾಗಿದೆ. ಹಿತ್ತಿಲಿನ ಕಲ್ಲಿನಲ್ಲಿ ಅದಕ್ಕಿಂತ ಬಿಚ್ಚಿಕೊಂಡಿದೆ, ಮುಂಗೈ ಸ್ವಲ್ಪ ಒಳಗೆ ತಿರುಗಿದೆ. ಅದು ನನ್ನ ಕೈ. ಆರತಿಯ ಹುಟ್ಟುಹಬ್ಬದ ದಿನ ನಾನು ಕೇಕಿನ ತಟ್ಟೆ ಹಿಡಿದಿದ್ದಾಗ ನೀವು ಹತ್ತಿರ ಬಂದು ಫೋಟೋ ತೆಗೆದಿರಿ. ಕೇಕಿನದು ಎಂದುಕೊಂಡಿದ್ದೆ.

ಮನೆಗೆ ಬರುವಾಗ ಕಾರಿನಲ್ಲಿ ಆರತಿ ಹಿಂದಿನ ಸೀಟಿನಿಂದ ಕೇಳಿದಳು.

“ಅಮ್ಮಾ, ಈಸ್ ದಟ್ ಯುವರ್ ಆರ್ಮ್?”

“ಯಾಕೆ ಪುಟ್ಟಾ?”

“ಇಟ್ ಬೆಂಡ್ಸ್ ದ ಸೇಮ್. ಅಜ್ಜಿ ಸೆಡ್, ಓಲ್ಡ್ ಟೈಮ್ಸ್‌ನಲ್ಲಿ ಗುಡ್ ವೈಫ್ ಆದ್ರೆ ಜೊತೆಗೇ ಹೋಗ್ತಿದ್ರಂತೆ. ಹೌ ಕಮ್ ಯು ಡಿಡಂಟ್ ಗೋ?”

ಎಕ್ಸಿಟ್ ಬಂತು, ನಾನು ಸಿಗ್ನಲ್ ಹಾಕಿ ಕಾರು ಇಳಿಸಿದೆ. ಅವಳು “ನೆವರ್ ಮೈಂಡ್” ಎಂದು ಸೀಟ್‌ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿದಳು.

ಆ ತೋಳನ್ನು ತೆಗೆಸಿ. ಎರಡನೆಯ ಸಲ ಕೇಳುವುದಿಲ್ಲ.

ದೀಪ್ತಿ


ಎವರ್‌ಗ್ರೀನ್
ಏಪ್ರಿಲ್ ೨೯, ೨೦೨೪

ಚಿ. ಸೌ. ದೀಪ್ತಿಗೆ,

‘ಸೌ.’ ನೋಡಿದೆಯಾ? ಈ ಸಲ ಹೊಡೆದುಹಾಕಿಲ್ಲ. ಇನ್ನು ಮುಂದೆಯೂ ಹೊಡೆದುಹಾಕುವುದಿಲ್ಲ.

ಗೊತ್ತಿತ್ತು. ಗೊತ್ತಿದ್ದೇ ಹಾಕಿಸಿದೆ. ನಿನಗೆ ಬಳೆ ಬೇಕಿತ್ತಲ್ಲ? ಹಾಕಿಸಿದ್ದೇನೆ, ಎಣಿಸಿಕೋ, ಹನ್ನೆರಡು ಉಂಟು. ಒಡೆಯುವುದೂ ಇಲ್ಲ, ತೆಗೆ ಎಂದು ಯಾರೂ ಹೇಳುವುದೂ ಇಲ್ಲ. ಕುಬೇರಪ್ಪ ಫೋನಿನಲ್ಲಿ ಅಳುಕಿದರು. “ಸೊಸೆ ಬದುಕಿದ್ದಾರಲ್ಲ ಅಮ್ಮ, ಇದನ್ನು ಇಡುವುದುಂಟಾ?” ಎಂದರು. “ಬದುಕಿದ್ದಾಳೆ ಎಂಬುದೇ ಅಲ್ಲವಾ ಸಮಸ್ಯೆ, ನೀವು ಕೆತ್ತಿ” ಎಂದೆ.

ನೀನು ಕಲಿತವಳು, ನನಗೊಂದು ಲೆಕ್ಕ ಬಿಡಿಸಿಕೊಡು. ಒಂದೇ ಕಾರು, ಪಕ್ಕಪಕ್ಕದ ಎರಡು ಸೀಟು. ಚಕ್ರ ಹಿಡಿದವಳಿಗೆ ಹೋದದ್ದು ಮೊಣಕೈ, ಸುಮ್ಮನೆ ಕೂತವನಿಗೆ ಜೀವ. ಆ ಕಾಲದವರಿಗೆ ನಿನ್ನಷ್ಟು ಓದು ಇರಲಿಲ್ಲ, ಆದರೆ ಮನೆಗೆ ಯಾರನ್ನು ಉಳಿಸಿಕೊಳ್ಳಬಾರದು ಎಂಬುದು ತಿಳಿದಿತ್ತು. ನಾನು ನಿನಗೆ ಬೆಂಕಿ ಇಟ್ಟೆನಾ? ಕಲ್ಲಿನಲ್ಲಿ ಮರ್ಯಾದೆ ಕೊಟ್ಟೆ. ನಲವತ್ತು ಜನ ಆ ಕೈಗೆ ನಮಸ್ಕಾರ ಮಾಡಿದರು. ನಿನ್ನ ಈ ಕೈಗೆ ಮಾಡುತ್ತಿದ್ದರಾ?

ತೋಳು ಅಲ್ಲೇ ಇರುತ್ತದೆ.

ಇನ್ನು ಆರತಿಯ ವಿಷಯ. ಜೂನಿನಲ್ಲಿ ರಜೆ ಶುರುವಾದಾಗ ಅವಳು ಇಲ್ಲಿಗೇ ಬರಲಿ. ಇಲ್ಲಿಯೇ ಇರಲಿ, ಶಾಲೆಯನ್ನೂ ಬದಲಿಸಿದರಾಯಿತು. ಅಮ್ಮನ ಕಾರಿನಲ್ಲಿ ಹೆದರಿಕೆ ಆಗುತ್ತದೆ ಎಂದು ಅವಳೇ ಹೇಳುತ್ತಾಳೆ. ಕೋರ್ಟಿನವರು ಕೇಳಿದರೂ ಹೇಳುತ್ತಾಳೆ. ಯೋಚಿಸು.

ಈ ಕಾಗದ ಬರೆಯುವಾಗಲೂ ಎದೆ ಹಿಡಿದ ಹಾಗೆ ಆಗುತ್ತಿದೆ.

ನಿನ್ನ ಅತ್ತೆ,
ಪ್ರಫುಲ್ಲಾ


ಕ್ಯಾಂಪ್‌ಬೆಲ್
ಮೇ ೬, ೨೦೨೪

ಅತ್ತೆಯವರಿಗೆ,

ಡಿಸೆಂಬರಿನಲ್ಲಿ ನಾನು ಕೇಳಿ, ನೀವು ಬೇಡವೆಂದದ್ದನ್ನು ಈಗ ಕಳಿಸುತ್ತಿದ್ದೇನೆ. ನಿಮ್ಮ ಹಿತ್ತಿಲಿನ ಕಲ್ಲಿನಲ್ಲಿ ಇರುವುದು ಇದು. ಹಳಗನ್ನಡ ಕಲಿಸಿದವರು ನೀವು, ಅರ್ಥ ಹೇಳಬೇಕಾಗಿಲ್ಲ. ನಿಮಗೆ ಬಾರದ್ದು ಲಿಪಿ. ಅದು ತಪ್ಪೇನಲ್ಲ, ಬಾರದು ಎಂದು ಹೇಳಿದ್ದರೆ ಸಾಕಿತ್ತು.

“ಸ್ವಸ್ತಿ. ಶೋಭಕೃತ್ ಸಂವತ್ಸರದ ಚೈತ್ರ ಶುದ್ಧ ದ್ವಾದಶಿ ಆದಿತ್ಯವಾರದಂದು, ವೈಕುಂಠನ ಮಗನಮಿತಂ ಪೆಂಡತಿವೆರಸು ಕಡಲ ಕಾಣಲ್ ಪೋಗುತಿರೆ, ತಾಯ್ ಪ್ರಫುಲ್ಲೆ ಎದೆನೋವೆಂದು ಪುಸಿ ನುಡಿದು ಕರೆಯೆ, ಮಗುಳ್ದು ಬರ್ಪಲ್ಲಿ ಬೆಟ್ಟದ ಪಥದೊಳ್ ಸತ್ತನ್. ಪೆಂಡತಿ ದೀಪ್ತಿ ಕಿಚ್ಚಂ ಪೊಗದೆ ಮುರಿದ ತೋಳಿಂ ಕೂಸಂ ಪೊರೆದಳ್. ಈ ಕಲ್ಲಂ ತಾಯ್ ನಿಱಿಸಿದಳ್. ಇದನಳಿದವರ್ ಮಗನನೆರಡನೆಯ ಸೂಳ್ ಕೊಂದವರ್.”

ವೀರಗಲ್ಲಿನಲ್ಲಿ ಸಾವಿನ ಕಾರಣ ಹೇಳಬೇಕು. ಅದು ಪದ್ಧತಿ. ಕಾರಣ ಬರೆಯದಿದ್ದರೆ ಕಲ್ಲು ಅರ್ಧ.

ಆ ದಿನ ನಾವು ಸಾಂತಾ ಕ್ರೂಜ್‌ಗೆ ಹೊರಟಿದ್ದೆವು. ಆರತಿಯನ್ನು ನಿಮ್ಮಲ್ಲಿ ಬಿಟ್ಟಿದ್ದೆವು. ಬೆಟ್ಟದ ರಸ್ತೆಯಲ್ಲಿ ನಿಮ್ಮ ಫೋನು ಬಂತು. “ಎದೆ ಹಿಡಿದುಕೊಂಡಿದೆ ಮಗಾ, ಕೂಡಲೇ ಬಾ.” ಆ ವರ್ಷದಲ್ಲಿ ಅದು ಐದನೆಯ ಸಲ. ಐದು ಸಲವೂ ನಾವಿಬ್ಬರೇ ಎಲ್ಲಿಗೋ ಹೊರಟಿದ್ದ ದಿನ. ಅಮಿತ “ಬೇಗ, ಬೇಗ” ಎನ್ನುತ್ತಿದ್ದ. ನಾನು ಕಾರು ತಿರುಗಿಸಿದೆ. ಬೇಗ ಓಡಿಸಿದೆ.

ಪೊಲೀಸರು ಬಂದಾಗ ಬಾಗಿಲು ತೆರೆದದ್ದು ಮಾವ. ನೀವು ಮನೆಯಲ್ಲೂ ಇರಲಿಲ್ಲ, ಆಸ್ಪತ್ರೆಯಲ್ಲೂ ಇರಲಿಲ್ಲ. ಯೂನಿಯನ್ ಸಿಟಿಯಲ್ಲಿ ಪ್ರಭಾ ಅವರ ಮನೆಯ ಅರಿಶಿನ ಕುಂಕುಮದಲ್ಲಿದ್ದಿರಿ. ನನಗೆ ಇದನ್ನು ಯಾರೂ ಚಾಡಿ ಹೇಳಲಿಲ್ಲ. ಸಂಜೆ ಆಸ್ಪತ್ರೆಗೆ ಆರತಿಯನ್ನು ಕರೆತಂದಿರಲ್ಲ, ಅವಳ ಜಡೆಯಲ್ಲಿ ಮಲ್ಲಿಗೆ ಇತ್ತು, ಕೈಯಲ್ಲಿ ಕೋಸಂಬರಿಯ ಪೊಟ್ಟಣ ಇತ್ತು. “ಅಮ್ಮಾ, ಪ್ರಭಾ ಆಂಟಿ ಮನೆಯಿಂದ ನಿಂಗೂ ತಂದಿದೀನಿ” ಎಂದಳು. ಆಗ ಗೊತ್ತಾಯಿತು. ಒಂದು ವರ್ಷ ಬಾಯಿ ಬಿಡಲಿಲ್ಲ. ನಿಮ್ಮ ದೋಸೆಯ ಕಾಗದ ಬಂದ ದಿನ ಬರೆಯಲು ಕೂತೆ.

ನೀವು ದಿನಾ ಗಂಧ ಹಚ್ಚುವ ದಪ್ಪ ಅಕ್ಷರಗಳು ಅಮಿತನ ಹೆಸರಲ್ಲ. ಅಲ್ಲಿರುವುದು ನಿಮ್ಮ ಫೋನು: ‘ಎದೆನೋವೆಂದು ಪುಸಿ ನುಡಿದು ಕರೆಯೆ.’

ತೋಳು ಇರುತ್ತದೆ ಎಂದಿರಿ. ಇರಲಿ. ಶಾಸನವೂ ಇರುತ್ತದೆ. ಆರತಿ ರಜೆಯಲ್ಲಿ ಅಲ್ಲಿಗೆ ಬರುವುದಿಲ್ಲ. ನನ್ನ ಹತ್ತಿರ ಹಳೆಯ ಲಿಪಿ ಕಲಿಯುತ್ತಿದ್ದಾಳೆ, ಅವಳೇ ಕೇಳಿದ್ದು. ಸ್ವರಗಳು ಮುಗಿದಿವೆ, ‘ಮ’ ವರೆಗೆ ಬಂದಿದ್ದಾಳೆ. ಕಣ್ಣು ಚುರುಕು. ಮುಂದಿನ ವರ್ಷದ ತಿಥಿಗೆ ಕರೆತರುತ್ತೇನೆ. ಎಲ್ಲರೂ ಕೂತಿರುವಾಗ ಅವಳೇ ಗಟ್ಟಿಯಾಗಿ ಓದಲಿ. ಮಕ್ಕಳಿಗೆ ಸತ್ಯ ತಡೆದುಕೊಳ್ಳುವ ಶಕ್ತಿ ಇದೆ.

ಎದೆನೋವು ಹೇಗಿದೆ?

ದೀಪ್ತಿ


ಎವರ್‌ಗ್ರೀನ್
ಜೂನ್ ೩೦, ೨೦೨೪

ದೀಪ್ತಿಗೆ,

ಮಿಲ್ಪಿಟಾಸ್‌ನಿಂದ ಗ್ರೈಂಡರ್ ಹಿಡಿದು ಒಬ್ಬ ಬಂದಿದ್ದ. ತೋಳನ್ನು ಕತ್ತರಿಸಬಹುದು, ಆದರೆ ಕಲ್ಲು ನಡುವೆ ಬಿರುಕು ಬಿಡುತ್ತದೆ, ಅಕ್ಷರದ ಮೇಲೆಯೇ ಹಾದುಹೋಗುತ್ತದೆ ಅಂದ. ಅಕ್ಷರವನ್ನು ಮಾತ್ರ ಉಜ್ಜಿ ಅಳಿಸಲು ಆಗುತ್ತದಾ ಎಂದು ಕೇಳಿದೆ. ಆಗುತ್ತದೆ, ಹತ್ತು ನಿಮಿಷದ ಕೆಲಸ ಅಂದ. ಮೆಷಿನು ಚಾಲೂ ಮಾಡಿದ. ನಾನು ಬೇಡ ಎಂದೆ. ಇದನ್ನು ಅಳಿಸಿದವರು ಮಗನನ್ನು ಎರಡನೆಯ ಸಲ ಕೊಂದವರು ಎಂಬ ನಿನ್ನ ಕೊನೆಯ ಸಾಲು ನೆನಪಿಗೆ ಬಂತು. ನೀನು ಅದನ್ನು ನನಗಾಗಿಯೇ ಬರೆದದ್ದು, ಅಲ್ಲವಾ?

ಕಲ್ಲಿಗೆ ಹಳೆಯ ಬೆಡ್‌ಶೀಟು ಹೊದಿಸಿದ್ದೇನೆ. ಪ್ರಭಾ ಕೇಳಿದರು. ಬಿಸಿಲಿಗೆ ಎಂದೆ.

ನಿನ್ನ ಮಾವ ಮೇ ತಿಂಗಳಿನಿಂದ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ನಿನ್ನ ಕಾಗದ ನಾನು ತೋರಿಸಲಿಲ್ಲ, ಅವರಾಗಿಯೇ ಕಂಡಿರಬೇಕು. “ಅವತ್ತು ನನಗೆ ಗೊತ್ತಿತ್ತು, ಫೋನು ಕೆಳಗಿಡು ಎಂದು ಹೇಳಲಿಲ್ಲ” ಎಂದರು. ಅಷ್ಟೇ ಅಂದದ್ದು.

ನೋವು ಇತ್ತು. ಸ್ವಲ್ಪ ಇತ್ತು. ನಿನ್ನ ಲಿಪಿಯಲ್ಲಿ ‘ಸ್ವಲ್ಪ’ ಎಂದು ಬರೆಯಲು ಜಾಗ ಇರಲಿಲ್ಲವಾ?

ಆರತಿಯನ್ನು ಕಳಿಸು ಎಂದು ಕೇಳುವುದಿಲ್ಲ. ಮುಂದಿನ ತಿಥಿಯ ಮಾತೂ ಆಡುವುದಿಲ್ಲ. ಬೆಳಿಗ್ಗೆ ಬೆಡ್‌ಶೀಟಿನ ಒಳಗೆ ಕೈ ಹಾಕಿ ಸವರುತ್ತೇನೆ, ಎಲ್ಲ ಅಕ್ಷರವೂ ಒಂದೇ ರೀತಿ ತಣ್ಣಗೆ ಇರುತ್ತದೆ. ನಿನ್ನ ಕಾಗದವನ್ನು ಪಕ್ಕದಲ್ಲಿ ಹಿಡಿದು ಹೊಂದಿಸಿ ನೋಡಿದೆ, ನನ್ನಿಂದ ಆಗಲಿಲ್ಲ. ಎಲ್ಲಿ ಯಾವುದು ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ. ನನಗೆ ಆ ಲಿಪಿ ಬರುವುದಿಲ್ಲ.

ಅವನ ಹೆಸರು ಎಷ್ಟನೆಯ ಸಾಲಿನಲ್ಲಿದೆ, ಅಷ್ಟು ತಿಳಿಸು.

ಪ್ರಫುಲ್ಲಾ